ವಿಮಾನದ ಏಲೆರಾನ್‌ನಲ್ಲಿ ಸೀಸ ಯಾಕೆ? ಕಂಟ್ರೋಲ್‌ಗಳನ್ನು ತಿಳಿದು ತೂಗುವ ಕ್ರಮ

ಏರ್‌ಕ್ರಾಫ್ಟ್ ಮೇಂಟೆನೆನ್ಸ್ ಕಲಿಯಲು ಹುಬ್ಬಳ್ಳಿ, ವಿಜಯಪುರ, ಉಡುಪಿ ಕಡೆಯಿಂದ ಮುಂಬೈಗೆ ಬರುವ ಹುಡುಗ ಹುಡುಗಿಯರು ನನ್ನನ್ನು ಕೇಳುವ ಪ್ರಶ್ನೆ ಹೆಚ್ಚೂಕಡಿಮೆ ಒಂದೇ. ‘ಸರ್, ಒಂದೊಂದು ಗ್ರಾಂ ಉಳಿಸೋಕೆ ಒದ್ದಾಡ್ತಾರೆ, ಮತ್ತೆ ರೆಕ್ಕೆಯೊಳಗೆ ಸೀಸದ ಗಟ್ಟಿ ಯಾಕೆ ಕೂರಿಸ್ತಾರೆ?’ ಪುಣೆಯಲ್ಲಿ ರಿಮೋಟ್ ವಿಮಾನ ಹಾರಿಸುವ ಗೆಳೆಯರು ಅದನ್ನೇ ಬೇರೆ ಥರ ಕೇಳುತ್ತಾರೆ. ‘ಸ್ಪೀಡ್ ಜಾಸ್ತಿ ಮಾಡಿದ ಕೂಡಲೇ ಏಲೆರಾನ್ ಬರ್ರ್ ಅಂತ ನಡುಗಿ ಕಿತ್ತುಕೊಂಡು ಹೋಯ್ತು, ಯಾಕೆ?’ (ಏಲೆರಾನ್ ಅಂದರೆ ರೆಕ್ಕೆಯ ಹಿಂದಂಚಿನಲ್ಲಿ ಮೇಲೆ ಕೆಳಗೆ ತಿರುಗುವ ಪಟ್ಟಿ.) ಎರಡಕ್ಕೂ ಉತ್ತರ ಒಂದೇ ಜಾಗದಲ್ಲಿದೆ. ಒಬ್ಬೊಬ್ಬರಿಗೂ ಬಿಡಿಬಿಡಿಯಾಗಿ ಹೇಳುವ ಬದಲು ಇಲ್ಲಿ ಒಟ್ಟಿಗೆ ಬರೆಯುತ್ತಿದ್ದೇನೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಇದು ತಿಳಿದುಕೊಳ್ಳಲು ಬರೆದದ್ದು. ನಿಜವಾದ ವಿಮಾನದ ಮೇಲೆ ಕೈ ಇಡುವಾಗ ಆ ವಿಮಾನದ ಮ್ಯಾನುಯಲ್ ಹೇಳಿದ್ದೇ ಕೊನೆ ಮಾತು. ಲೈಸೆನ್ಸ್ ಇರುವ ಎಂಜಿನಿಯರ್ ಪಕ್ಕದಲ್ಲಿ ಇರಲೇಬೇಕು.

ಏನೇನು ಬೇಕು?

ಮ್ಯಾನುಯಲ್, ಅದೂ ಈಗ ಚಾಲ್ತಿಯಲ್ಲಿರುವ ಪರಿಷ್ಕರಣೆ. ಯಾರದೋ ಫೋನ್‌ನಲ್ಲಿರುವ ಹಳೆ ಪಿಡಿಎಫ್ ಬೇಡ. ತೂಗಲು ನೈಫ್ ಎಡ್ಜ್ ಸ್ಟ್ಯಾಂಡ್, ಅಂದರೆ ಚೂಪು ಅಂಚಿನ ಎರಡು ಆಧಾರ. ಜೊತೆಗೆ ಸ್ಪಿರಿಟ್ ಲೆವೆಲ್, ಗ್ರಾಂ ತೋರಿಸುವ ಡಿಜಿಟಲ್ ತಕ್ಕಡಿ, ಸ್ಟೀಲ್ ಅಳತೆಪಟ್ಟಿ, ಕೋನ ಅಳೆಯುವ ಪ್ರೊಟ್ರಾಕ್ಟರ್, ಕೇಬಲ್‌ನ ಬಿಗಿತ ಅಳೆಯುವ ಟೆನ್ಶಿಯೋಮೀಟರ್. ತಕ್ಕಡಿ, ಟೆನ್ಶಿಯೋಮೀಟರ್‌ಗಳ ಕ್ಯಾಲಿಬ್ರೇಶನ್ ತಾರೀಖು ಮುಗಿದಿಲ್ಲ ತಾನೇ, ನೋಡಿಕೊಳ್ಳಿ. ಕೊನೆಯದು, ಗಾಳಿ ಆಡದ ಕೋಣೆ. ಮುಂಬೈ ಸೆಕೆಯಲ್ಲಿ ಇದೇ ಕಷ್ಟ. ಆದರೂ ತೂಗುವಷ್ಟು ಹೊತ್ತು ಫ್ಯಾನ್ ಆರಿಸಲೇಬೇಕು. ಅಗಲವಾದ ಹಗುರ ತಗಡಿನ ಮೇಲೆ ಫ್ಯಾನ್ ಗಾಳಿ ಬಿದ್ದರೆ ತಕ್ಕಡಿಯ ಅಂಕಿ ನಿಲ್ಲುವುದೇ ಇಲ್ಲ.

1. ಯಾವುದು ಏನು ಮಾಡುತ್ತದೆ ಎಂದು ಮೊದಲು ಗಟ್ಟಿ ಮಾಡಿಕೊಳ್ಳಿ

ವಿಮಾನವನ್ನು ತಿರುಗಿಸುವ ಪಟ್ಟಿಗಳಲ್ಲಿ ಮುಖ್ಯವಾದವು ಮೂರು. ರೆಕ್ಕೆಯ ತುದಿ ಕಡೆ, ಹಿಂದಂಚಿನಲ್ಲಿ ಇರುವುದು ಏಲೆರಾನ್. ಒಂದು ಮೇಲೆದ್ದರೆ ಇನ್ನೊಂದು ಕೆಳಗಿಳಿಯುತ್ತದೆ, ವಿಮಾನ ಪಕ್ಕಕ್ಕೆ ವಾಲುತ್ತದೆ. ಬಾಲದ ಅಡ್ಡರೆಕ್ಕೆಯ ಹಿಂದೆ ಇರುವುದು ಎಲಿವೇಟರ್. ಪೈಲಟ್ ಕೈಯಲ್ಲಿ ಹಿಡಿಯುವ ಸ್ಟಿಕ್ ಹಿಂದೆ ಎಳೆದರೆ ಎಲಿವೇಟರ್‌ನ ಹಿಂದಂಚು ಮೇಲೇಳುತ್ತದೆ, ಬಾಲ ಕೆಳಗೆ ಒತ್ತಿಕೊಳ್ಳುತ್ತದೆ, ಮೂಗು ಮೇಲೇರುತ್ತದೆ. ನೆಟ್ಟಗೆ ನಿಂತ ಬಾಲದ ಹಿಂದೆ ಇರುವುದು ರಡ್ಡರ್. ಬಲ ಪೆಡಲ್ ಒತ್ತಿದರೆ ಅದು ಬಲಕ್ಕೆ ಹೊರಳಿ ಮೂಗನ್ನೂ ಬಲಕ್ಕೆ ತಿರುಗಿಸುತ್ತದೆ.

ಏಲೆರಾನ್‌ಗೆ ಒಂದು ಸುಲಭದ ಗುರುತಿದೆ. ಸ್ಟಿಕ್ ಹಿಡಿದ ಕೈಯ ಹೆಬ್ಬೆರಳನ್ನು ಮೇಲಕ್ಕೆ ನೆಟ್ಟಗೆ ಚಾಚಿ. ಸ್ಟಿಕ್ ವಾಲಿಸಿದಾಗ ಹೆಬ್ಬೆರಳು ಯಾವ ಕಡೆಗೆ ತೋರಿಸುತ್ತದೋ ಆ ಕಡೆಯ ಏಲೆರಾನ್ ಮೇಲೆದ್ದಿರಬೇಕು. 7ನೇ ಹಂತದಲ್ಲಿ ಇದು ಬೇಕಾಗುತ್ತದೆ.

2. ಕೈಯಿಂದ ಪಟ್ಟಿಯವರೆಗಿನ ದಾರಿಯನ್ನು ಮುಟ್ಟಿ ನೋಡಿ

ಚಿಕ್ಕ ವಿಮಾನಗಳಲ್ಲಿ ಪೈಲಟ್‌ನ ಕೈಬಲವೇ ಉಕ್ಕಿನ ಕೇಬಲ್ ಹಿಡಿದುಕೊಂಡು ರಾಟೆಗಳ ಮೇಲೆ ಹಾದು ಬೆಲ್‌ಕ್ರ್ಯಾಂಕ್‌ಗೆ ಹೋಗುತ್ತದೆ. ಬೆಲ್‌ಕ್ರ್ಯಾಂಕ್ ಅಂದರೆ ಎಳೆತದ ದಿಕ್ಕು ತಿರುಗಿಸುವ ಮೂಲೆಯಾಕಾರದ ತುಂಡು. ಅಲ್ಲಿಂದ ಒಂದು ಸಲಾಕೆ ಏಲೆರಾನನ್ನು ತಳ್ಳುತ್ತದೆ. ಕೇಬಲ್ ಬಿಗಿ ಮಾಡಲು ನಡುವೆ ಟರ್ನ್‌ಬಕಲ್ ಇರುತ್ತದೆ, ಎರಡು ಕಡೆಯಿಂದಲೂ ಸ್ಕ್ರೂ ಒಳಬರುವ ಹಿತ್ತಾಳೆಯ ಕೊಳವೆ. ಬಿಗಿ ಮಾಡಿ ಮುಗಿದ ಮೇಲೆ ಕೊಳವೆಯ ಹೊರಗೆ ಸ್ಕ್ರೂವಿನ ಮೂರು ಥ್ರೆಡ್‌ಗಿಂತ ಹೆಚ್ಚು ಕಾಣಬಾರದು. ಆಮೇಲೆ ಲಾಕ್ ವೈರ್ ಅಥವಾ ಕ್ಲಿಪ್ ಹಾಕಬೇಕು.

ಕೇಬಲ್ ಪರೀಕ್ಷೆಗೆ ಬಟ್ಟೆ ತೆಗೆದುಕೊಳ್ಳಿ. ಕೇಬಲ್ ಸುತ್ತ ಬಟ್ಟೆ ಹಿಡಿದು ಉದ್ದಕ್ಕೂ ಎಳೆಯಿರಿ. ಒಂದೇ ಒಂದು ಎಳೆ ಮುರಿದಿದ್ದರೂ ಬಟ್ಟೆ ಸಿಕ್ಕಿಕೊಳ್ಳುತ್ತದೆ. ಬರಿಗೈಯಲ್ಲಿ ಎಳೆದರೆ ಬಟ್ಟೆಯ ಬದಲು ಅಂಗೈ ಸಿಗುತ್ತದೆ, ಅಷ್ಟೇ. ರಾಟೆ ಮೇಲೆ ಹಾದುಹೋಗುವ ಭಾಗವನ್ನು ಎರಡು ಸಲ ನೋಡಿ, ಎಳೆ ಮುರಿಯುವುದು ಹೆಚ್ಚಾಗಿ ಅಲ್ಲೇ. ಜುಹೂ ವಿಮಾನ ನಿಲ್ದಾಣ ಸಮುದ್ರದ ಪಕ್ಕದಲ್ಲೇ ಇದೆ, ಗೋವಾದ ದಾಬೋಳಿಯೂ ಹಾಗೇ. ಉಪ್ಪುಗಾಳಿಗೆ ಕೇಬಲ್ ಹೊರಗೆ ಚೆನ್ನಾಗಿ ಕಂಡರೂ ಒಳಗಿನ ಎಳೆಗಳು ತುಕ್ಕು ಹಿಡಿದಿರಬಹುದು. ಸಂಶಯ ಬಂದರೆ ಕೇಬಲನ್ನು ಬಿಚ್ಚಿ, ಮೆಲ್ಲಗೆ ಬಾಗಿಸಿ ಒಳಗೆ ನೋಡಬೇಕು.

ಬಿಗಿತ ಅಳೆಯುವಾಗ ಬಹಳ ಜನ ಎಡವುವುದು ಉಷ್ಣತೆಯ ವಿಷಯದಲ್ಲಿ. ವಿಮಾನದ ಮೈ ಅಲ್ಯೂಮಿನಿಯಂ, ಕೇಬಲ್ ಉಕ್ಕು. ಬಿಸಿಲಿಗೆ ಅಲ್ಯೂಮಿನಿಯಂ ಉಕ್ಕಿಗಿಂತ ಜಾಸ್ತಿ ಹಿಗ್ಗುತ್ತದೆ. ಹಾಗಾಗಿ ಬಿಸಿಯಾದಾಗ ಕೇಬಲ್ ಬಿಗಿಯುತ್ತದೆ, ತಣ್ಣಗಾದಾಗ ಸಡಿಲವಾಗುತ್ತದೆ. ಮ್ಯಾನುಯಲ್‌ನಲ್ಲಿ ಉಷ್ಣತೆಗೆ ತಕ್ಕ ಬಿಗಿತದ ಪಟ್ಟಿ ಕೊಟ್ಟಿದ್ದರೆ ಅದಕ್ಕೇ ಕೊಟ್ಟಿರುವುದು. ಮೇ ತಿಂಗಳ ಬಿಸಿಲಿನಲ್ಲಿ ನಿಂತಿದ್ದ ವಿಮಾನವನ್ನು ಒಳಗೆ ತಳ್ಳಿದ ಕೂಡಲೇ ಅಳೆಯಬೇಡಿ. ಇಡೀ ವಿಮಾನ ಹ್ಯಾಂಗರ್‌ನ ಉಷ್ಣತೆಗೆ ಬರುವವರೆಗೆ ಚಹಾ ಕುಡಿದು ಬನ್ನಿ.

3. ಫ್ಲಟರ್ ಅಂದರೇನು ಎಂದು ನಿಧಾನವಾಗಿ ಅರ್ಥ ಮಾಡಿಕೊಳ್ಳಿ

ಸೀಸದ ಗುಟ್ಟು ಇರುವುದು ಇಲ್ಲಿ. ಪರೀಕ್ಷೆಗೆ ಉರುಹೊಡೆದವರೂ ಇಲ್ಲೇ ಸಿಕ್ಕಿಹಾಕಿಕೊಳ್ಳುತ್ತಾರೆ.

ಏಲೆರಾನ್‌ನ ಕೀಲು, ನಾವು ಹಿಂಜ್ ಅನ್ನುವುದು, ಅದರ ಮುಂದಂಚಿನ ಹತ್ತಿರ ಇರುತ್ತದೆ. ಹೆಚ್ಚಿನ ಭಾಗ ಕೀಲಿನ ಹಿಂದೆ. ಸೀಸ ಇಲ್ಲದಿದ್ದರೆ ಭಾರವೂ ಹಿಂದೆಯೇ. ಈಗ ವೇಗವಾಗಿ ಹಾರುತ್ತಿರುವಾಗ ಗಾಳಿಯ ಒಂದು ಹೊಡೆತಕ್ಕೆ ರೆಕ್ಕೆ ಥಟ್ಟನೆ ಮೇಲಕ್ಕೆ ಬಾಗಿತು ಎಂದುಕೊಳ್ಳಿ. ಕೀಲು ರೆಕ್ಕೆ ಜೊತೆ ಮೇಲೆ ಹೋಗುತ್ತದೆ. ಆದರೆ ಕೀಲಿನ ಹಿಂದಿರುವ ಭಾರ ಅಷ್ಟು ಬೇಗ ಮೇಲೇಳುವುದಿಲ್ಲ, ಹಿಂದೆ ಬೀಳುತ್ತದೆ. ಪರಿಣಾಮ, ರೆಕ್ಕೆಯ ಲೆಕ್ಕದಲ್ಲಿ ಏಲೆರಾನ್ ಕೆಳಗೆ ತಿರುಗಿದಂತಾಯಿತು. ಏಲೆರಾನ್ ಕೆಳಗೆ ತಿರುಗಿದರೆ ಏನಾಗುತ್ತದೆ? ಆ ರೆಕ್ಕೆಗೆ ಎತ್ತುವ ಬಲ ಜಾಸ್ತಿಯಾಗುತ್ತದೆ. ಮೊದಲೇ ಮೇಲೆ ಹೋಗುತ್ತಿದ್ದ ರೆಕ್ಕೆಯನ್ನು ಅದು ಇನ್ನೂ ಮೇಲೆ ಒದೆಯುತ್ತದೆ. ರೆಕ್ಕೆ ಸ್ಪ್ರಿಂಗ್ ಥರ ಕೆಳಗೆ ಮರಳುವಾಗ ಇದೇ ಆಟ ಉಲ್ಟಾ. ಏಲೆರಾನ್ ಮೇಲೆ ಉಳಿಯುತ್ತದೆ, ರೆಕ್ಕೆಯನ್ನು ಇನ್ನೂ ಕೆಳಗೆ ತುಳಿಯುತ್ತದೆ. ಪ್ರತಿ ಸುತ್ತಿನಲ್ಲೂ ಗಾಳಿಯಿಂದಲೇ ಶಕ್ತಿ ಸಿಗುತ್ತಿರುತ್ತದೆ. ಯಾರೂ ಸ್ಟಿಕ್ ಅಲುಗಾಡಿಸಬೇಕಾಗಿಲ್ಲ. ವೇಗ ಒಂದು ಮಿತಿ ದಾಟಿದರೆ ಕೆಲವೇ ಸೆಕೆಂಡಿನಲ್ಲಿ ಏಲೆರಾನ್ ಕಿತ್ತುಹೋಗಬಹುದು, ರೆಕ್ಕೆಯೂ ಮುರಿಯಬಹುದು. ಈ ನಡುಕಕ್ಕೇ ಫ್ಲಟರ್ ಎಂದು ಹೆಸರು.

ಮೊದಲ ಮಹಾಯುದ್ಧದ ಕಾಲದಲ್ಲೇ ಇದು ತಲೆನೋವಾಗಿತ್ತು. 1916ರಲ್ಲಿ ಹ್ಯಾಂಡ್ಲಿ ಪೇಜ್ ಬಾಂಬರ್ ಒಂದರ ಬಾಲ ಹೀಗೆ ನಡುಗುತ್ತಿದ್ದಾಗ ಬ್ರಿಟಿಷ್ ಎಂಜಿನಿಯರ್ ಫ್ರೆಡರಿಕ್ ಲ್ಯಾಂಚೆಸ್ಟರ್ ಕಾರಣ ಹುಡುಕಿದರು. ಅದರ ಎಡ ಬಲ ಎಲಿವೇಟರ್‌ಗಳು ಒಂದಕ್ಕೊಂದು ಗಟ್ಟಿಯಾಗಿ ಜೋಡಣೆಯಾಗಿರಲಿಲ್ಲ. ನಡುವೆ ಗಟ್ಟಿ ಕೊಳವೆ ಹಾಕಿ ಜೋಡಿಸುವುದೇ ಮದ್ದಾಯಿತು. ಕೀಲಿನ ಮುಂದೆ ಭಾರ ಇಡುವ ಉಪಾಯವನ್ನು 1920ರ ದಶಕದ ಶುರುವಿನಲ್ಲಿ ನೆದರ್ಲೆಂಡ್ಸ್‌ನ ಬೌಮ್‌ಹೌವರ್ ಮತ್ತು ಕೋನಿಂಗ್ ತೋರಿಸಿಕೊಟ್ಟರು.

ಊರಿನ ಬಾವಿಯ ಏತ ನೋಡಿದ್ದರೆ ಈ ಉಪಾಯ ತಕ್ಷಣ ಹೊಳೆಯುತ್ತದೆ. ಉದ್ದದ ತುದಿಯಲ್ಲಿ ನೀರಿನ ಬಾನಿ, ಗಿಡ್ಡ ತುದಿಯಲ್ಲಿ ಕಟ್ಟಿದ ಕಲ್ಲು. ಏಲೆರಾನ್‌ನ ಸೀಸ ಆ ಕಲ್ಲು. ಮುಂದಂಚಿನ ಒಳಗೋ, ಮುಂದೆ ಚಾಚಿದ ತೋಳಿನ ತುದಿಗೋ ಸೀಸ ಕೂರಿಸಿ ಭಾರದ ಕೇಂದ್ರವನ್ನು ಕೀಲಿನ ಹತ್ತಿರಕ್ಕೆ ತರುತ್ತಾರೆ. ಆಗ ರೆಕ್ಕೆ ಮೇಲೆದ್ದಾಗ ಏಲೆರಾನ್ ಹಿಂದೆ ಬೀಳುವುದಿಲ್ಲ, ಜೊತೆಗೇ ಏಳುತ್ತದೆ. ಮಾಸ್ ಬ್ಯಾಲೆನ್ಸ್ ಅನ್ನುವುದು ಇದಕ್ಕೆ.

ಒಂದು ಸೂಕ್ಷ್ಮ. ಸೀಸ ಎಷ್ಟು ಎಂಬುದರಷ್ಟೇ ಎಲ್ಲಿ ಎಂಬುದೂ ಮುಖ್ಯ. ರೆಕ್ಕೆ ಹೆಚ್ಚು ಕುಣಿಯುವುದು ತುದಿಯಲ್ಲಿ. ತುದಿಯಲ್ಲಿದ್ದ ಸೀಸವನ್ನು ಅನುಕೂಲಕ್ಕೆ ಅಂತ ಬುಡದ ಕಡೆ ಸರಿಸಿದರೆ ಸ್ಟ್ಯಾಂಡ್ ಮೇಲೆ ತೂಕ ಸರಿ ಬರುತ್ತದೆ, ಹಾರುವಾಗ ಕೆಲಸ ಮಾಡುವುದಿಲ್ಲ. ತಯಾರಕರು ಇಟ್ಟ ಜಾಗವನ್ನು ಬದಲಿಸಬೇಡಿ.

4. ಬಿಚ್ಚಿ ತೂಗುವುದು

ಪ್ರತಿ ಬಣ್ಣಕ್ಕೂ, ಪ್ರತಿ ರಿಪೇರಿಗೂ ಬ್ಯಾಲೆನ್ಸ್ ನೋಡಬೇಕು. ‘ಸುಮ್ನೆ ಒಂದು ಕೋಟ್ ತಾನೇ’ ಅನ್ನುವವರಿಗೆ ಮುಂದಿನ ಹಂತದಲ್ಲಿ ಲೆಕ್ಕ ತೋರಿಸುತ್ತೇನೆ.

ಮೊದಲು ಏಲೆರಾನ್ ಹಾರುವಾಗ ಹೇಗಿರುತ್ತದೋ ಹಾಗೇ ಇದೆಯೇ ನೋಡಿ. ಬಣ್ಣ ಪೂರ್ತಿ ಒಣಗಿರಬೇಕು. ಟ್ಯಾಬ್ (ಹಿಂದಂಚಿನಲ್ಲಿರುವ ಪುಟ್ಟ ಪಟ್ಟಿ), ಬಾಂಡಿಂಗ್ ಪಟ್ಟಿ (ವಿದ್ಯುತ್ ಹರಿಯಲು ಹಾಕುವ ಲೋಹದ ಪಟ್ಟಿ), ಕೀಲಿನ ತುಂಡುಗಳು, ಯಾವುದನ್ನು ಸೇರಿಸಬೇಕು, ಯಾವುದನ್ನು ತೆಗೆಯಬೇಕು ಎಂದು ಮ್ಯಾನುಯಲ್ ಹೇಳುತ್ತದೆ. ಟ್ಯಾಬ್ ಅಲುಗಾಡದಿರಲಿ ಅಂತ ಹಚ್ಚಿದ ಟೇಪಿನ ತೂಕವನ್ನೂ ಮರೆಯಬೇಡಿ.

ನೈಫ್ ಎಡ್ಜ್ ಸ್ಟ್ಯಾಂಡನ್ನು ಲೆವೆಲ್ ಮಾಡಿ. ಕೀಲಿನ ರಂಧ್ರಗಳಲ್ಲಿ ಸರಿಯಾಗಿ ಕೂರುವ ಪಿನ್ ತೂರಿಸಿ, ಆ ಪಿನ್‌ಗಳ ಮೇಲೆ ಏಲೆರಾನನ್ನು ಕೂರಿಸಿ. ಕೆಲವು ಮ್ಯಾನುಯಲ್‌ಗಳು ಬೋರಲು ಇಡಿ ಎನ್ನುತ್ತವೆ, ಹಾಗೇ ಇಡಿ. ಬೆರಳಿನಿಂದ ಮೆಲ್ಲಗೆ ತಟ್ಟಿದರೆ ತಡೆಯಿಲ್ಲದೆ ತೂಗಾಡಬೇಕು. ತಡೆ ಇದ್ದರೆ ಪಿನ್‌ನಲ್ಲಿ ಕೊಳೆ ಇದೆ ಎಂದರ್ಥ, ಒರೆಸಿ ಮತ್ತೆ ಕೂರಿಸಿ. ಈಗ ಹಿಂದಂಚಿನ ಕೆಳಗೆ ತಕ್ಕಡಿ ಇಟ್ಟು, ಏಲೆರಾನ್ ಮಟ್ಟಸವಾಗಿರುವಂತೆ ಎತ್ತರ ಹೊಂದಿಸಿ ಓದಿಕೊಳ್ಳಿ. ತಕ್ಕಡಿ ಮುಟ್ಟುವ ಬಿಂದು ಕೀಲಿನಿಂದ ಎಷ್ಟು ದೂರ ಎಂಬುದನ್ನೂ ಬರೆದುಕೊಳ್ಳಿ.

ಹಿಂದಂಚು ಕೆಳಗೆ ಬೀಳುತ್ತಿದ್ದರೆ ಅದು ಅಂಡರ್ ಬ್ಯಾಲೆನ್ಸ್, ಅಂದರೆ ಬಾಲ ಭಾರ. ಮುಂದಂಚು ಕೆಳಗೆ ಬಿದ್ದರೆ ಓವರ್ ಬ್ಯಾಲೆನ್ಸ್. ಎಲ್ಲ ವಿಮಾನಕ್ಕೂ ಸೊನ್ನೆಯೇ ಬರಬೇಕು ಅಂತೇನಿಲ್ಲ. ಕೆಲವಕ್ಕೆ ಸ್ವಲ್ಪ ಬಾಲ ಭಾರ ನಡೆಯುತ್ತದೆ. ಎಷ್ಟು ಎಂಬುದು ಆ ಮಾದರಿಗೆ ಬರೆದಿಟ್ಟ ಮಿತಿ.

5. ಲೆಕ್ಕ

ಅಂಕಿಗಳು ಉದಾಹರಣೆಗೆ ಮಾತ್ರ, ಯಾವ ವಿಮಾನದ್ದೂ ಅಲ್ಲ. ತೂಕವನ್ನು ಕೀಲಿನಿಂದ ಇರುವ ದೂರಕ್ಕೆ ಗುಣಿಸಿದರೆ ಮೊಮೆಂಟ್, ಅಂದರೆ ತಿರುಗಿಸುವ ಬಲ ಸಿಗುತ್ತದೆ.

ತಕ್ಕಡಿ 0.40 ಕೆಜಿ ತೋರಿಸಿತು, ದೂರ 300 ಮಿ.ಮೀ. ಮೊಮೆಂಟ್ 120. ಮ್ಯಾನುಯಲ್‌ನ ಮಿತಿ 100 ಎಂದಿಟ್ಟುಕೊಳ್ಳೋಣ. 20 ಜಾಸ್ತಿಯಾಯಿತು. ಸೀಸ ಇಡುವ ಜಾಗ ಕೀಲಿಗಿಂತ 80 ಮಿ.ಮೀ. ಮುಂದಿದೆ. 20ನ್ನು 80ರಿಂದ ಭಾಗಿಸಿದರೆ 0.25. ಅಂದರೆ 250 ಗ್ರಾಂ ಸೀಸ ಸೇರಿಸಿದರೆ ಮಿತಿಯ ಅಂಚಿಗೆ ಬಂದಿರಿ.

ಈಗ ಬಣ್ಣದ ಮಾತು. ಹಳೆಯದನ್ನು ಕೀಳದೆ ಮೇಲೆ 200 ಗ್ರಾಂ ಬಣ್ಣ ಬಳಿದರು, ಅದರ ಕೇಂದ್ರ ಕೀಲಿನ ಹಿಂದೆ 150 ಮಿ.ಮೀ.ನಲ್ಲಿ ಬಿತ್ತು. ಸೇರಿದ ಮೊಮೆಂಟ್ 30. ಅದನ್ನು ಸರಿತೂಗಿಸಲು ಮುಂದೆ 375 ಗ್ರಾಂ ಸೀಸ ಬೇಕು. ಕೀಲಿನ ಹಿಂದೆ ಸೇರಿದ ತೂಕ ಮುಂದೆ ಹೀಗೆ ಬಡ್ಡಿ ಸಮೇತ ವಸೂಲಾಗುತ್ತದೆ. ಅದಕ್ಕೇ ಹಳೆ ಬಣ್ಣ ಕಿತ್ತು ಹೊಸದು ಬಳಿಯುವುದು.

ಇಲ್ಲಿ ಮೂರು ಎಚ್ಚರಿಕೆ. ಸೀಸವನ್ನು ಮ್ಯಾನುಯಲ್ ಹೇಳಿದ ಸ್ಕ್ರೂ, ರಿವೆಟ್‌ನಿಂದಲೇ ಬಿಗಿಯಿರಿ. ಅಂಟು, ಟೇಪ್ ಬೇಡ. ಕಳಚಿ ಒಳಗೆ ಉರುಳಾಡಿದರೆ ಏಲೆರಾನೇ ಸಿಕ್ಕಿಬೀಳಬಹುದು. ಎರಡನೆಯದು, ಮಿತಿಗಿಂತ ಹೆಚ್ಚು ಸೀಸ ಬೇಕಾಗುತ್ತಿದೆ ಎಂದರೆ ಸೀಸ ಹುಡುಕಬೇಡಿ, ಕಾರಣ ಹುಡುಕಿ. ಹಳೆ ಬಣ್ಣದ ಪದರವೋ, ದಪ್ಪ ತೇಪೆಯೋ, ಒಳಗೆ ನಿಂತ ನೀರೋ ಇರುತ್ತದೆ. ಮೂರನೆಯದು, ಸೀಸ ವಿಷ. ಗ್ಲೌಸ್ ಹಾಕಿ, ಕೊರೆದ ಪುಡಿಯನ್ನು ಊದಬೇಡಿ, ಕೈ ತೊಳೆಯದೆ ವಡಾಪಾವ್‌ಗೆ ಹೋಗಬೇಡಿ.

6. ಗಾಳಿಯ ಬ್ಯಾಲೆನ್ಸ್ ಬೇರೆಯದೇ ಕೆಲಸ

ತೂಕದ ಬ್ಯಾಲೆನ್ಸ್ ಫ್ಲಟರ್ ತಡೆಯಲು. ಗಾಳಿಯ ಬ್ಯಾಲೆನ್ಸ್ ಪೈಲಟ್‌ನ ಕೈನೋವು ತಡೆಯಲು. ಪರೀಕ್ಷೆಯಲ್ಲಿ ಇವೆರಡನ್ನೂ ಕಲಸಿ ಬರೆದು ಅಂಕ ಕಳೆದುಕೊಳ್ಳುವವರು ಬಹಳ.

ವೇಗ ಹೆಚ್ಚಿದಂತೆ ಗಾಳಿ ಎಲಿವೇಟರನ್ನು ಒತ್ತುತ್ತದೆ, ಸ್ಟಿಕ್ ಭಾರವಾಗುತ್ತದೆ. ಇದಕ್ಕೆ ಒಂದು ದಾರಿ, ತುದಿಯ ಒಂದು ಭಾಗವನ್ನು ಕೀಲಿನ ಮುಂದಕ್ಕೆ ಚಾಚುವುದು. ಕೊಂಬಿನ ಹಾಗೆ ಕಾಣುವ ಇದನ್ನು ಹಾರ್ನ್ ಅನ್ನುತ್ತಾರೆ. ಹಿಂದಂಚು ಮೇಲೇಳುವಾಗ ಕೊಂಬು ಕೆಳಗಿಳಿದು ಗಾಳಿಗೆ ಸಿಗುತ್ತದೆ, ಗಾಳಿಯೇ ಪೈಲಟ್‌ಗೆ ಕೈಜೋಡಿಸುತ್ತದೆ. ಅದರೊಳಗೇ ಸೀಸವನ್ನೂ ಕೂರಿಸಿ ಒಂದೇ ಏಟಿಗೆ ಎರಡು ಕೆಲಸ ಮುಗಿಸುವುದೂ ಉಂಟು. ಇನ್ನೊಂದು ದಾರಿ ಬ್ಯಾಲೆನ್ಸ್ ಟ್ಯಾಬ್, ಹಿಂದಂಚಿನಲ್ಲಿರುವ ಪುಟ್ಟ ಪಟ್ಟಿ. ಎಲಿವೇಟರ್ ಮೇಲೆದ್ದರೆ ಅದು ಕೆಳಗೆ ತಿರುಗಿ ಸಹಾಯ ಮಾಡುತ್ತದೆ. ಟ್ರಿಮ್ ಟ್ಯಾಬ್ ನೋಡಲು ಹಾಗೇ ಇದ್ದರೂ ಅದನ್ನು ಪೈಲಟ್ ಚಕ್ರ ತಿರುಗಿಸಿ ಹೊಂದಿಸುತ್ತಾನೆ, ಸ್ಟಿಕ್ ಹಿಡಿದೇ ಇರಬೇಕಾದ ಕಾಟ ತಪ್ಪಲಿ ಅಂತ.

ಟ್ಯಾಬ್‌ನ ಸಡಿಲು ನೋಡುವುದನ್ನು ಮಾತ್ರ ಬಿಡಬೇಡಿ. ಎಲಿವೇಟರ್‌ನ ತೂಕ ಎಷ್ಟೇ ಸರಿ ಇರಲಿ, ಟ್ಯಾಬ್‌ನ ಕೀಲು ಸವೆದು ಅಲುಗಾಡುತ್ತಿದ್ದರೆ ಫ್ಲಟರ್ ಅಲ್ಲಿಂದಲೇ ಶುರುವಾಗಬಹುದು. ರಿಮೋಟ್ ವಿಮಾನದ ಗೆಳೆಯರೇ, ನಿಮ್ಮ ಏಲೆರಾನ್ ಕಿತ್ತುಹೋಗುವುದಕ್ಕೆ ಹೆಚ್ಚಾಗಿ ಕಾರಣ ಸರ್ವೋದಿಂದ (ಅದನ್ನು ತಿರುಗಿಸುವ ಪುಟ್ಟ ಮೋಟಾರ್‌ನಿಂದ) ಹಾರ್ನ್‌ವರೆಗಿನ ಕಡ್ಡಿಯ ಸಡಿಲು. (ನಿಮ್ಮಲ್ಲಿ ಹಾರ್ನ್ ಅಂದರೆ ಕಡ್ಡಿ ಸಿಕ್ಕಿಸುವ ತುಂಡು, ಮೇಲೆ ಹೇಳಿದ ಕೊಂಬಲ್ಲ.) ಸೀಸಕ್ಕಿಂತ ಮೊದಲು ಅದನ್ನು ಬಿಗಿ ಮಾಡಿ.

‘ಏರ್‌ಬಸ್‌ನಲ್ಲಿ ಸೀಸ ಎಲ್ಲಿದೆ?’ ಎಂದು ಕೇಳುವವರಿಗೆ ಚಿಕ್ಕ ಉತ್ತರ. 1987ರಲ್ಲಿ ಮೊದಲ ಸಲ ಹಾರಿದ ಎ320ನಲ್ಲಿ ಸೈಡ್‌ಸ್ಟಿಕ್‌ನಿಂದ ಕಂಪ್ಯೂಟರ್‌ಗೆ ಸಂದೇಶ ಹೋಗುತ್ತದೆ, ಹೈಡ್ರಾಲಿಕ್ ಜ್ಯಾಕ್ ಏಲೆರಾನ್ ತಿರುಗಿಸುತ್ತದೆ. ಒಂದೊಂದು ಏಲೆರಾನ್‌ಗೂ ಎರಡು ಜ್ಯಾಕ್. ಒಂದು ಕೆಲಸ ಮಾಡುವಾಗ ಇನ್ನೊಂದು ಅಲುಗಾಟ ತಡೆಯುತ್ತಿರುತ್ತದೆ. ಜ್ಯಾಕ್ ಇಷ್ಟು ಗಟ್ಟಿಯಾಗಿ ಹಿಡಿದುಕೊಂಡಿದ್ದರೆ ಸೀಸದ ಕೆಲಸವೂ ಅದರ ಪಾಲಿಗೇ ಬರುತ್ತದೆ. ಅದಕ್ಕೇ ಇಂಥ ವಿಮಾನಗಳಲ್ಲಿ ಜ್ಯಾಕ್‌ನ ಸಡಿಲನ್ನು ಅಷ್ಟು ಕಟ್ಟುನಿಟ್ಟಾಗಿ ಅಳೆಯುವುದು. ಪ್ರೊಪೆಲ್ಲರ್ ಇರುವ ಎಟಿಆರ್ ವಿಮಾನದಲ್ಲಿ ಮಾತ್ರ ಏಲೆರಾನ್, ಎಲಿವೇಟರ್, ರಡ್ಡರ್ ಮೂರೂ ಈಗಲೂ ಪೈಲಟ್‌ನ ಕೈಕಾಲಿನ ಬಲದಲ್ಲೇ ತಿರುಗುತ್ತವೆ.

7. ಮತ್ತೆ ಜೋಡಿಸಿ, ಕೋನ ಅಳೆದು, ದಿಕ್ಕು ನೋಡಿ

ಕಂಟ್ರೋಲನ್ನು ನಡುವಿಗೆ ತಂದು, ಅಲ್ಲೇ ಅಲುಗಾಡದಂತೆ ಹಿಡಿಯುವ ರಿಗ್ ಪಿನ್ ಹಾಕಿ ಹೊಂದಿಸಿ. ಆಮೇಲೆ ಪಿನ್ ತೆಗೆದು, ಪ್ರೊಟ್ರಾಕ್ಟರ್ ಇಟ್ಟು ಮೇಲೆ ಎಷ್ಟು, ಕೆಳಗೆ ಎಷ್ಟು ಅಳೆಯಿರಿ. ಸೆಸ್ನಾ 172 ಎಂಬ ಚಿಕ್ಕ ವಿಮಾನದ ಏಲೆರಾನ್ ಮೇಲೆ 20 ಡಿಗ್ರಿ ಹೋಗುತ್ತದೆ, ಕೆಳಗೆ 15 ಮಾತ್ರ. ಎರಡೂ ಸಮ ಇಲ್ಲವಲ್ಲ ಎಂದು ‘ಸರಿಮಾಡಲು’ ಹೋಗಬೇಡಿ. ಕೆಳಗಿಳಿದ ಏಲೆರಾನ್ ಗಾಳಿಯನ್ನು ಹೆಚ್ಚು ತಡೆದು ಮೂಗನ್ನು ತಪ್ಪು ಕಡೆಗೆ ಎಳೆಯುತ್ತದೆ. ಅದನ್ನು ಕಡಿಮೆ ಮಾಡಲೆಂದೇ ಈ ವ್ಯತ್ಯಾಸ. ಅಳೆದಾದ ಮೇಲೆ ರಿಗ್ ಪಿನ್ ಒಂದೂ ಒಳಗೆ ಉಳಿದಿಲ್ಲ ತಾನೇ? ಎಣಿಸಿ ಡಬ್ಬಿಗೆ ಹಾಕಿ.

ಆಮೇಲೆ ದಿಕ್ಕು. ಎಲ್ಲಕ್ಕಿಂತ ಸುಲಭದ ಪರೀಕ್ಷೆ ಇದು, ಜನ ಮಾಡದೆ ಬಿಟ್ಟುಬಿಡುವುದೂ ಇದನ್ನೇ. 2018ರ ನವೆಂಬರ್ 11ರಂದು ಪೋರ್ಚುಗಲ್‌ನಲ್ಲಿ ದೊಡ್ಡ ಮೇಂಟೆನೆನ್ಸ್ ಮುಗಿಸಿ ಹೊರಟ ಕಜಾಕಿಸ್ತಾನದ ಏರ್ ಅಸ್ತಾನಾ ಕಂಪನಿಯ ಎಂಬ್ರೇಯರ್ 190 ವಿಮಾನದ ಏಲೆರಾನ್ ಕೇಬಲ್‌ಗಳು ಅದಲು ಬದಲಾಗಿದ್ದವು. ಎಡಕ್ಕೆ ತಿರುಗಿಸಿದರೆ ಬಲಕ್ಕೆ ವಾಲುತ್ತಿತ್ತು. ಹಾರುವ ಮೊದಲಿನ ತಪಾಸಣೆಯಲ್ಲೂ ಅದು ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಪೈಲಟ್‌ಗಳು ಬಹಳ ಹೊತ್ತು ಹೆಣಗಾಡಿ, ಮೂರನೇ ಯತ್ನದಲ್ಲಿ ಬೇಜಾ ವಾಯುನೆಲೆಯಲ್ಲಿ ಇಳಿಸಿದರು. ಕೇಬಲ್ ಇಲ್ಲದ ವಿಮಾನಕ್ಕೆ ಈ ಭಯ ಇಲ್ಲ ಅನ್ನಬೇಡಿ. 2001ರ ಮಾರ್ಚ್‌ನಲ್ಲಿ ಫ್ರಾಂಕ್‌ಫರ್ಟ್‌ನಲ್ಲಿ ಲುಫ್ತಾನ್ಸಾದ ಎ320 ಒಂದರ ಕ್ಯಾಪ್ಟನ್ ಕಡೆಯ ಸೈಡ್‌ಸ್ಟಿಕ್‌ಗೆ ವೈರ್ ಉಲ್ಟಾ ಜೋಡಣೆಯಾಗಿತ್ತು. ಪಕ್ಕದ ಪೈಲಟ್‌ನ ಸ್ಟಿಕ್ ಸರಿ ಇದ್ದುದರಿಂದ ಬಚಾವಾದರು.

ಆದ್ದರಿಂದ ಒಬ್ಬರು ಕಾಕ್‌ಪಿಟ್‌ನಲ್ಲಿ, ಒಬ್ಬರು ಹೊರಗೆ ನಿಲ್ಲಿ. ಒಳಗಿನವರು ‘ಎಡ’ ಅಂದಾಗ ಹೊರಗಿನವರು ‘ಓಕೆ’ ಅನ್ನಬಾರದು. ‘ಎಡ ಏಲೆರಾನ್ ಮೇಲೆ, ಬಲ ಕೆಳಗೆ’ ಎಂದು ಕಂಡದ್ದನ್ನು ಹೇಳಬೇಕು. ಹೆಬ್ಬೆರಳಿನ ಗುರುತು ಇಲ್ಲಿಗೇ. ಕಂಟ್ರೋಲ್ ಬಿಚ್ಚಿ ಹಾಕಿದ ಮೇಲೆ ಡ್ಯೂಪ್ಲಿಕೇಟ್ ಇನ್ಸ್‌ಪೆಕ್ಷನ್ ಕಡ್ಡಾಯ, ಅಂದರೆ ಒಬ್ಬರು ನೋಡಿದ್ದನ್ನು ಇನ್ನೊಬ್ಬ ಅಧಿಕೃತ ವ್ಯಕ್ತಿ ಮೊದಲಿಂದ ತಾನೇ ನೋಡಬೇಕು. ಸಹಿಗೆ ಸಹಿ ಸೇರಿಸುವುದಲ್ಲ. ರಾತ್ರಿ ಪಾಳಿ ಮುಗಿಯುವ ಹೊತ್ತಿಗೆ ಈ ಕೆಲಸ ಇಟ್ಟುಕೊಳ್ಳಬೇಡಿ ಎಂಬುದು ನನ್ನ ಸಲಹೆ. ವಿರಾರ್ ಲೋಕಲ್ ರೈಲು ತಪ್ಪುತ್ತದೆ ಎನ್ನುವ ಅವಸರದಲ್ಲಿ ಯಾರೂ ಮೊದಲಿಂದ ನೋಡುವುದಿಲ್ಲ.

8. ಮಳೆಗಾಲದ ಕಾವಲು

ಸರಿ ತೂಗಿದ ಏಲೆರಾನ್ ಸರಿಯಾಗೇ ಉಳಿಯುತ್ತದೆ ಅಂತಿಲ್ಲ. ಮುಂಬೈ, ಗೋವಾ ಮಳೆಯಲ್ಲಿ ಹೊರಗೆ ನಿಂತ ಚಿಕ್ಕ ವಿಮಾನದ ಏಲೆರಾನ್, ಎಲಿವೇಟರ್ ಒಳಗೆ ನೀರು ಸೇರುತ್ತದೆ. ಹೊರಗೆ ಹೋಗಲು ಕೆಳಭಾಗದಲ್ಲಿ ಪುಟ್ಟ ರಂಧ್ರಗಳಿರುತ್ತವೆ. ಬಣ್ಣ, ಧೂಳು, ಇಲ್ಲವೇ ಕುಂಬಾರ ಹುಳ ಕಟ್ಟಿದ ಮಣ್ಣಿನ ಗೂಡು ಅವನ್ನು ಮುಚ್ಚಿಬಿಡುತ್ತದೆ. ನೀರು ನಿಲ್ಲುವುದು ಹಿಂದಂಚಿನಲ್ಲಿ, ಅಂದರೆ ಕೀಲಿನಿಂದ ಅತಿ ದೂರ ಇರುವ ಜಾಗದಲ್ಲಿ. ಅಲ್ಲಿ ಅರ್ಧ ಲೋಟ ನೀರು ಎಷ್ಟು ಮೊಮೆಂಟ್ ಕೊಡುತ್ತದೆ ಎಂದು 5ನೇ ಹಂತದ ಲೆಕ್ಕ ಹಾಕಿ ನೋಡಿ. ಮೆತ್ತನೆ ಪ್ಲಾಸ್ಟಿಕ್ ಕಡ್ಡಿಯಿಂದ ರಂಧ್ರ ಬಿಡಿಸಿ. ಮೊಳೆ, ಸ್ಕ್ರೂಡ್ರೈವರ್ ಹಾಕಿದರೆ ರಂಧ್ರದ ಅಂಚಿನ ಬಣ್ಣ ಹೋಗಿ ತುಕ್ಕು ಅಲ್ಲಿಂದಲೇ ಶುರು.

ಗಾಳಿಗೆ ಪಟ್ಟಿಗಳು ಬಡಿದಾಡದಿರಲಿ ಎಂದು ಹಾಕುವ ಗಸ್ಟ್ ಲಾಕ್‌ಗೆ ಕೆಂಪು ಪಟ್ಟಿ ಇರಲೇಬೇಕು. ಮಳೆಗೆ ಮಾಸಿ ಹೋಗಿದ್ದರೆ ಹೊಸದು ಕಟ್ಟಿ. 1935ರ ಅಕ್ಟೋಬರ್ 30ರಂದು ಅಮೆರಿಕದಲ್ಲಿ ಬೋಯಿಂಗ್‌ನ ಮಾಡೆಲ್ 299 ಬಾಂಬರ್ ಮೇಲೇರಿದ ಕೂಡಲೇ ಬಿದ್ದದ್ದು ಇಂಥ ಲಾಕ್ ತೆಗೆಯದೇ ಹೊರಟಿದ್ದಕ್ಕೆ. ಪೈಲಟ್‌ಗಳು ಕೈಯಲ್ಲಿ ಚೆಕ್‌ಲಿಸ್ಟ್ ಹಿಡಿಯುವ ರೂಢಿ ಬೆಳೆದದ್ದು ಆ ಅಪಘಾತದ ನಂತರ.

ಇದನ್ನೆಲ್ಲ ಹತ್ತಿರದಿಂದ ನೋಡಬೇಕು, ಹ್ಯಾಂಗರ್‌ಗೆ ಪಾಸ್ ಇಲ್ಲ ಎನ್ನುವವರು ಗೋವಾಕ್ಕೆ ಹೋದಾಗ ದಾಬೋಳಿ ಪಕ್ಕದ ನೌಕಾ ವಾಯುಯಾನ ಮ್ಯೂಸಿಯಂಗೆ ಹೋಗಿ ಬನ್ನಿ. ಬಯಲಿನಲ್ಲಿ ಸೀ ಹಾಕ್, ಅಲಿಝೆ, ಸೂಪರ್ ಕಾನ್‌ಸ್ಟೆಲೇಶನ್ ಎಂಬ ಹಳೆ ವಿಮಾನಗಳು ನಿಂತಿವೆ. ಸೂಪರ್ ಕಾನ್‌ಸ್ಟೆಲೇಶನ್‌ಗೆ ಬಾಲದಲ್ಲಿ ನೆಟ್ಟಗಿನ ರೆಕ್ಕೆ ಒಂದಲ್ಲ, ಮೂರು. ಹಿಂದೆ ನಿಂತು ಒಂದೊಂದರಲ್ಲೂ ಕೀಲು ಎಲ್ಲಿದೆ, ಟ್ಯಾಬ್ ಎಲ್ಲಿದೆ ಹುಡುಕಿ. ಕೈಯಿಂದ ಮಾತ್ರ ಅಲ್ಲಾಡಿಸಬೇಡಿ.